ಹುಣ್ಣಿಮೆ ಕ್ಲಬ್ಬಿನ ಬುಧವಾರಗಳು

ಕಳೆದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವದ ತಾಲೀಮು ನಡೆಯುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಈಗ ಮಕ್ಕಳ ಕುಣಿತಕ್ಕೂ ಹೊಗೆ ಬೇಕು. ಸೌಂಡ್ ಸಿಸ್ಟಮ್ಮಿನವರು ಒಂದು ಕಪ್ಪು ಡಬ್ಬಿ ತಂದು ವೇದಿಕೆಯ ಮೂಲೆಯಲ್ಲಿಟ್ಟು ಗುಂಡಿ ಒತ್ತಿದರು. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಮಕ್ಕಳು ಹೋ ಎಂದು ಕಿರುಚಿದವು. ಏಳನೇ ತರಗತಿಯವರನ್ನು ಸಾಲಾಗಿ ನಿಲ್ಲಿಸುವ ಗಡಿಬಿಡಿಯಲ್ಲಿದ್ದ ನಾನು, ಆ ಹೊಗೆ ಮೂಗಿಗೆ ತಾಕಿದ್ದೇ ತಡ, ನಿಂತಲ್ಲೇ ನಿಂತುಬಿಟ್ಟೆ. ಸೀದ ಸಕ್ಕರೆಯೂ ಅಲ್ಲ, ಊದುಬತ್ತಿಯೂ ಅಲ್ಲ, ಎರಡರ ನಡುವಿನ ಯಾವುದೋ ಸಿಹಿ ವಾಸನೆ.

"ಮಿಸ್, ಹೊಗೆ ಆಗಲ್ವಾ ನಿಮ್ಗೆ?" ಎಂದು ಹುಡುಗಿಯೊಬ್ಬಳು ಕೇಳಿದಳು. ಹೂಂ ಎಂದೆ. ಇನ್ನೇನು ಹೇಳಲಿ? ನಿಮಗೆ ಸಮಾಜವಿಜ್ಞಾನ ಕಲಿಸುವ ಈ ಟೀಚರು ಒಂದು ಕಾಲದಲ್ಲಿ ವಾರವಾರವೂ ನೈಟ್ ಕ್ಲಬ್ಬಿಗೆ ಹೋಗುತ್ತಿದ್ದಳು ಎಂದು ಹೇಳಲಾದೀತೇ?

ನೀವೂ ನಂಬಲಾರಿರಿ. ಅದೂ ಮುಂಬಯಿಯಲ್ಲಲ್ಲ, ಕೆ.ಆರ್. ಪೇಟೆಯಲ್ಲಿ ಎಂದರೆ ನಗುತ್ತೀರಿ. ನಗಿ. ಆ ಊರಿನವರೇ ಮೊದಮೊದಲು ನಕ್ಕಿದ್ದರು.

ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಪಿಯುಸಿ ಮುಗಿದ ಮೇಲೆ ಬಿ.ಎ. ಓದಬೇಕೆಂದು ಹಟ ಹಿಡಿದಾಗ ಅಪ್ಪ ನನ್ನನ್ನು ಕೆ.ಆರ್. ಪೇಟೆಯಲ್ಲಿದ್ದ ತನ್ನ ತಂಗಿ ಚೆಲುವತ್ತೆಯ ಮನೆಯಲ್ಲಿ ಬಿಟ್ಟ. ಬಿಟ್ಟು ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ನೋಡು ಮಗ, ನಿನ್ ಬಗ್ಗೆ ಒಂದೇ ಒಂದು ಮಾತು ನನ್ ಕಿವಿಗೆ ಬಿದ್ರೆ, ಅವತ್ತೇ ಪುಸ್ತಕ ಕಟ್ಟಿಟ್ಟು ಬಂದ್ಬುಡ್ಬೇಕು. ಗಂಡು ನೋಡಿಟ್ಟಿವ್ನಿ" ಎಂದಿದ್ದ. ಗಂಡು ಯಾರು ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ, ಕುತೂಹಲವೂ ಇರಲಿಲ್ಲ. ಪುಸ್ತಕ ಕಟ್ಟಿಡಬೇಕು ಎಂಬ ಮಾತೊಂದೇ ಎದೆಯಲ್ಲಿ ಕೂತಿತು.

ಅತ್ತೆ ದೊಡ್ಡ ಆಳು. ಮೈಕಟ್ಟಿನಲ್ಲೂ, ಗಂಟಲಿನಲ್ಲೂ. ಎರಡು ಸೀಮೆಹಸು ಕಟ್ಟಿದ್ದಳು. ಬೆಳಿಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕುತ್ತಿದ್ದಳು. ಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆ, ಇಸ್ತ್ರಿ ಅಂಗಿ, ದೇವಸ್ಥಾನದ ಸಮಿತಿಯಲ್ಲಿ ಒಂದು ಕುರ್ಚಿ. ಅವರಿಗೆ ಮಕ್ಕಳಿರಲಿಲ್ಲ. ಬಂದ ಮೊದಲ ತಿಂಗಳಲ್ಲೇ ನಾನು ಒಂದು ಸಂಗತಿ ಗಮನಿಸಿದೆ. ಬೀದಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೂ ಅಡುಗೆಗೆ ಮೊದಲು ಕರೆ ಬರುತ್ತಿದ್ದುದು ಅತ್ತೆಗೆ. ನೂರು ಜನಕ್ಕೆ ಮುದ್ದೆ ಕೂಡಿಸುವ ತೋಳು ಬೇರೆ ಯಾರಿಗಿತ್ತು? ಆದರೆ ಆರತಿ ಎತ್ತುವ ಹೊತ್ತಿಗೆ ಯಾರೋ ಒಬ್ಬರು, "ಚೆಲುವಕ್ಕ, ಸಾರು ಉಕ್ಕೀತು, ಒಸಿ ನೋಡು" ಎನ್ನುತ್ತಿದ್ದರು. ಅತ್ತೆ ಒಳಗೆ ಹೋಗುತ್ತಿದ್ದಳು. ಯಾವ ಸಾರೂ ಉಕ್ಕುತ್ತಿರಲಿಲ್ಲ.

ಇನ್ನು ಕ್ಲಬ್ಬಿನ ವಿಷಯ. ಊರಾಚೆ ಒಂದು ಮುಚ್ಚಿದ ಅಕ್ಕಿ ಗಿರಣಿಯಿತ್ತು. ಬೂಕನಕೆರೆ ಕಡೆಯ ಮರಿಗೌಡರು ಎಂಬುವರು ಹದಿನೈದು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವರು, ಆ ಗಿರಣಿಯನ್ನು ಬಾಡಿಗೆಗೆ ಹಿಡಿದು 'ಹುಣ್ಣಿಮೆ ನೈಟ್ ಕ್ಲಬ್' ಎಂದು ನೀಲಿ ಬೋರ್ಡು ಬರೆಸಿಬಿಟ್ಟರು. ಹೆಸರು ನೈಟ್ ಕ್ಲಬ್ಬಾದರೂ ಸಂಜೆ ಎಂಟಕ್ಕೆ ಬಾಗಿಲು ಹಾಕುತ್ತಿತ್ತು. ಕಾರಣ ಸರಳ: ನಾಗಮಂಗಲದ ಕಡೆಗೆ ಕಡೇ ಬಸ್ಸು ಎಂಟೂವರೆಗೆ. ಅದು ಹೋದರೆ ಅರ್ಧ ಗಿರಾಕಿಗಳಿಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಗತಿ. ಕುಡಿಯಲು ಗೋಲಿ ಸೋಡ, ಮಜ್ಜಿಗೆ. ತಿನ್ನಲು ಬೇಯಿಸಿದ ಕಡಲೇಕಾಯಿ. "ಎಂಡ ಒಳಿಕ್ಕೆ ಬಂದ್ರೆ ನಾನು ಮನೆಯಿಂದ ಆಚಿಕ್ಕೆ" ಎಂದು ಮರಿಗೌಡರ ತಾಯಿ ಶಪಥ ಮಾಡಿದ್ದರಂತೆ. ಆ ಮುದುಕಿಯೇ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಬಂದವರ ಬಾಯಿ ಮೂಸಿ ಒಳಗೆ ಬಿಡುತ್ತಿದ್ದರು.

ಒಳಗೆ ಸೂರಿನಿಂದ ಒಂದು ಮಣ್ಣಿನ ಗುಡಾಣ ನೇತಾಡುತ್ತಿತ್ತು. ಗುಡಾಣದ ಮೈಗೆಲ್ಲ ಕನ್ನಡಿ ಚೂರು ಅಂಟಿಸಿ, ಹಳೇ ಫ್ಯಾನಿನ ಮೋಟಾರು ಕಟ್ಟಿ ತಿರುಗುವಂತೆ ಮಾಡಿದ್ದರು. ಅದರ ಮೇಲೆ ದೀಪ ಬಿಟ್ಟರೆ ಗಿರಣಿಯ ಗೋಡೆಗಳ ಮೇಲೆಲ್ಲ ಬೆಳಕಿನ ಬೊಟ್ಟುಗಳು ಓಡಾಡುತ್ತಿದ್ದವು. ಹೊಗೆಯ ಯಂತ್ರ ಮಾತ್ರ ಅಸಲಿ ಬಾಂಬೆಯದು. ಅದರ ಹೊಗೆ ಗಿರಣಿಯ ಹಳೇ ತೌಡಿನ ವಾಸನೆಯ ಜೊತೆ ಬೆರೆತು ಬಟ್ಟೆಗೆ ಅಂಟಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ.

ಮರಿಗೌಡರು ಜನ ಬಲ್ಲವರು. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಯಾರೂ ಬರುವುದಿಲ್ಲ ಎಂದು ಒಂದೊಂದು ದಿನವನ್ನು ಒಂದೊಂದು ಥರದವರಿಗೆ ಮೀಸಲಿಟ್ಟಿದ್ದರು. ಸೋಮವಾರ ಕಾಲೇಜು ಹುಡುಗರದು. ನೆಲದ ಮೇಲೆ ಬಿದ್ದು ಗರಗರ ತಿರುಗಿ ಪ್ಯಾಂಟು ಹರಿದುಕೊಳ್ಳುತ್ತಿದ್ದರು. ಶುಕ್ರವಾರ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರದು. ಶನಿವಾರ ಹಳೇ ಹಾಡುಗಳ ದಿನ. ಅವತ್ತು ನಿವೃತ್ತ ಮೇಷ್ಟ್ರುಗಳೆಲ್ಲ ಕೊಡೆ ಸಮೇತ ಬಂದು ಕುರ್ಚಿಗಳ ಮೇಲೆ ಸಾಲಾಗಿ ಕೂರುತ್ತಿದ್ದರಂತೆ. ಕುಣಿಯುವುದಿರಲಿ, ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ. ಒಂದು ಶನಿವಾರ ಮಾತ್ರ ಒಬ್ಬ ಹೆಡ್‌ಮಾಸ್ತರರು ತಮಗೇ ತಿಳಿಯದೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಆಮೇಲೆ ನಾಚಿ, ಚಪ್ಪಲಿ ಹುಡುಕುತ್ತಿದ್ದೆ ಎಂದು ಸಮಜಾಯಿಷಿ ಕೊಟ್ಟರೆಂದು ಊರಲ್ಲಿ ತಿಂಗಳುಗಟ್ಟಲೆ ನಗುತ್ತಿದ್ದರು.

ಬುಧವಾರ ಹೆಂಗಸರ ದಿನ. ಮಧ್ಯಾಹ್ನ ಮೂರರಿಂದ ಐದರವರೆಗೆ. ಗಂಡಸರ ಸುಳಿವಿಲ್ಲ, ಮರಿಗೌಡರೂ ಹೊರಗಡೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಒಳಗೆ ಕ್ಯಾಸೆಟ್ಟು ಬದಲಿಸುವುದು ಅವರ ಹೆಂಡತಿ.

ನಾನು ಅತ್ತೆಗೆ ಲೈಬ್ರರಿ ಎಂದು ಹೇಳಿ ಹೋಗುತ್ತಿದ್ದೆ. ಹೋಗಿ ಏನು ಮಹಾ ಕುಣಿಯುತ್ತಿದ್ದೆ ಅನ್ನುತ್ತೀರಾ? ಉಂಗುಷ್ಠ ಕಿತ್ತ ಚಪ್ಪಲಿಯಲ್ಲಿ ನಡೆಯುವವಳ ಹಾಗೆ ಒಂದು ಕಾಲೆಳೆದು ಒಂದು ಕಾಲೆತ್ತುತ್ತಿದ್ದೆ, ಅಷ್ಟೆ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಟೈಲರಿಂಗ್ ಕಲಿಯುವ ಹುಡುಗಿಯರು, ಆಸ್ಪತ್ರೆಯ ನರ್ಸಮ್ಮ, ಬಳೆ ಅಂಗಡಿಯ ಸಾಬರ ಸೊಸೆ, ಬಾಲವಾಡಿ ಟೀಚರು, ಎಲ್ಲರ ಮುಖದ ಮೇಲೂ ಒಂದೇ ಥರದ ಬೆಳಕಿನ ಬೊಟ್ಟುಗಳು ಓಡುತ್ತಿದ್ದವು.

ಮೂರನೆಯ ಬುಧವಾರ ಸಿಕ್ಕಿಬಿದ್ದೆ. ನನ್ನ ಲಂಗದ ವಾಸನೆ ಹಿಡಿದೇ ಅತ್ತೆ ಪತ್ತೆ ಮಾಡಿದ್ದಳು. ಕುಣಿತದ ನಡುವೆ ಬಾಗಿಲು ತೆರೆದು ಬಿಸಿಲು ಒಳಬಂತು. ನೋಡಿದರೆ ಬಾಗಿಲ ತುಂಬ ಅತ್ತೆ, ಕೈಯಲ್ಲಿ ಖಾಲಿ ಹಾಲಿನ ಕ್ಯಾನು.

"ಇದೇನಾ ನಿನ್ ಲೈಬ್ರರಿ? ಬಾ ಆಚಿಕ್ಕೆ! ನಿಮ್ಮಪ್ಪನ್ಗೆ ಏನಂತ ಜವಾಬು ಏಳ್ಲಿ ನಾನು?"

ಮರಿಗೌಡರ ತಾಯಿ ಸ್ಟೂಲಿನಿಂದಲೇ ಅತ್ತೆಯ ಸೆರಗು ಹಿಡಿದರು. "ಬಿಸ್ಲಲ್ಲಿ ಬಂದಿದ್ದೀಯ ಕನವ್ವ. ಬೈಯಾದು ಎಲ್ಲೂ ಓಗಾಕಿಲ್ಲ. ಕೂತ್ಕೊ, ಮಜ್ಜಿಗೆ ಕುಡ್ದು ಆಮೇಲೆ ಬೈಯಿವಂತೆ."

ಅತ್ತೆ ಕೂತಳು. ಮಜ್ಜಿಗೆ ಕುಡಿದಳು. ಕನ್ನಡಿ ಗುಡಾಣವನ್ನೇ ನೋಡುತ್ತಾ ಇನ್ನೊಂದು ಲೋಟ ಕುಡಿದಳು. ಬೈಯುವುದು ಮರೆತೇಹೋಯಿತು. ಮನೆಗೆ ಹೋಗುವ ದಾರಿಯಲ್ಲಿ ಒಂದು ಫರ್ಲಾಂಗು ನಡೆದವಳು, "ಆ ಗುಡಾಣದೊಳಿಕ್ಕೆ ಏನಿಕ್ಕವ್ರೆ? ಅಂಗೆ ತಿರುಗ್ತದಲ್ಲ!" ಎಂದಳು. ಅಪ್ಪನ ಮಾತೇ ಬರಲಿಲ್ಲ.

ಮುಂದಿನ ಬುಧವಾರ ಎರಡೂವರೆಗೇ ಬೇರೆ ಸೀರೆಯುಟ್ಟು ನಿಂತಿದ್ದಳು. "ನಿನ್ನೊಬ್ಳನ್ನೇ ಕಳ್ಸಾದು ಸರಿಯಲ್ಲ. ಕಾವಲಿಗೆ ಬತ್ತೀನಿ."

ಕಾವಲು ಎರಡು ವಾರ ನಡೆಯಿತು. ಮೂರನೆಯ ವಾರ ಯಾವುದೋ ಹಾಡಿಗೆ ಅವಳ ಹೆಬ್ಬೆರಳು ನೆಲ ತಟ್ಟತೊಡಗಿದ್ದನ್ನು ನಾನೇ ಕಂಡೆ. ಆಮೇಲೆ ಎದ್ದಳು. ತವರಿನಲ್ಲಿ ಹುಡುಗಿಯಾಗಿದ್ದಾಗ ಕೋಲಾಟ ಆಡಿದ್ದ ಕಾಲುಗಳು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಬಗ್ಗಿ ಒಂದು ಚಪ್ಪಾಳೆ, ತಿರುಗಿ ಒಂದು ಚಪ್ಪಾಳೆ. ಅಷ್ಟು ದೊಡ್ಡ ಮೈ ಅಷ್ಟು ಹಗುರವಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನರ್ಸಮ್ಮ ಬಂದು, "ಚೆಲುವಕ್ಕ, ಅದನ್ನ ನಂಗೂ ಹೇಳ್ಕೊಡಿ" ಎಂದರು. ಬಳೆ ಅಂಗಡಿಯ ಸೊಸೆ ಬಂದಳು. ಟೈಲರಿಂಗ್ ಹುಡುಗಿಯರು ಬಂದರು. ಅರ್ಧ ಗಂಟೆಯಲ್ಲಿ ಗಿರಣಿಯ ತುಂಬ ಒಂದು ದೊಡ್ಡ ಸುತ್ತು ಕಟ್ಟಿತು, ನಡುವೆ ಅತ್ತೆ, "ಎಡಗಾಲು ಕನ್ರವ್ವಾ, ಎಡಗಾಲು!" ಎಂದು ಕೂಗುತ್ತಿದ್ದಳು. ಹಾಡು ಮುಗಿದರೂ ಸುತ್ತು ನಿಲ್ಲಲಿಲ್ಲ.

ಅವತ್ತಿನಿಂದ ಬುಧವಾರ ಅತ್ತೆಯದಾಯಿತು. ಅವಳು ಒಂದು ಗಳಿಗೆ ತಡವಾದರೆ ಮರಿಗೌಡರು ಮರದ ಕೆಳಗಿಂದ ಎದ್ದು ರಸ್ತೆ ನೋಡುತ್ತಿದ್ದರು. "ಅಕ್ಕ, ನೀವು ಬರ್ದಿದ್ರೆ ಇವರ್ಯಾರೂ ಶುರು ಮಾಡಾಕಿಲ್ಲ" ಎನ್ನುತ್ತಿದ್ದರು. ಐದು ಹೊಡೆಯುತ್ತಲೇ ಅತ್ತೆ ಸೆರಗು ಬಿಗಿದು ಮನೆಗೆ ಓಡುವಳು; ಹಸುಗಳಿಗೆ ಹೊತ್ತು ತಪ್ಪಬಾರದು. ಹಾಲು ಕರೆಯುವಾಗಲೂ ಅವಳ ಗಂಟಲಲ್ಲಿ ಏನೋ ಒಂದು ರಾಗ ಇರುತ್ತಿತ್ತು. ಮಾವ ಒಮ್ಮೆ ಕಚೇರಿಯಿಂದ ಬಂದವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದದ್ದು ನೆನಪಿದೆ. ಅವರಿಗೆ ಕ್ಲಬ್ಬಿನ ವಿಷಯ ಗೊತ್ತಿರಲಿಲ್ಲ. ನಾವಿಬ್ಬರೂ ಹೇಳಿರಲಿಲ್ಲ.

ಹೀಗೆ ಎಷ್ಟು ಬುಧವಾರಗಳು ಕಳೆದವೋ. ಈಗ ಎಣಿಸಲು ಕೂತರೆ ನನ್ನ ಇಡೀ ಕಾಲೇಜು ಬದುಕು ಬುಧವಾರಗಳಿಂದಲೇ ಆಗಿತ್ತೇನೋ ಎನ್ನಿಸುತ್ತದೆ. ನಿಜ ನೋಡಿದರೆ ಏಳೆಂಟು ತಿಂಗಳಷ್ಟೆ.

ಒಂದು ಬುಧವಾರ ಮೂವರು ಹುಡುಗರು ಗಿರಣಿಯ ಹಿಂಗೋಡೆ ಹತ್ತಿ ಗವಾಕ್ಷಿಯಲ್ಲಿ ಇಣುಕಿದರು. ಒಬ್ಬ ಜಾರಿ ಬಿದ್ದು ಕೈ ಮುರಿದುಕೊಂಡ. ಇಣುಕಿದ್ದು ಯಾಕೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಒಳಗೆ ಹೆಂಗಸರು ಏನು ಮಾಡುತ್ತಿದ್ದರು ಎಂದು ಊರೆಲ್ಲ ಕೇಳಿತು. ಶನಿವಾರ ಸಂಜೆ ದೇವಸ್ಥಾನದ ಪಡಸಾಲೆಯಲ್ಲಿ ಸಭೆ ಸೇರಿತು. ಸಮಿತಿಯ ಹಿರಿಯರೊಬ್ಬರನ್ನು ಎಲ್ಲರೂ ಪಟೇಲರು ಎನ್ನುತ್ತಿದ್ದರು. ಅವರು ನಡುವೆ ಕೂತಿದ್ದರು, ಅವರ ಪಕ್ಕದ ಕುರ್ಚಿಯಲ್ಲಿ ಮಾವ. ಪೂಜೆಗೆ ಬಂದ ಹೆಂಗಸರು ಕಂಬಗಳ ಹಿಂದೆ ನಿಂತಿದ್ದರು. ನಾನೂ ಅತ್ತೆಯೂ ಅಲ್ಲೇ ಇದ್ದೆವು. ಮರಿಗೌಡರನ್ನು ಕರೆಸಿದ್ದರು.

"ಯಾರ್ಯಾರ್ ಮನೆ ಎಂಗುಸ್ರು ಬತ್ತಾವ್ರೆ, ಎಸ್ರು ಏಳ್ಲಾ" ಎಂದರು ಪಟೇಲರು.

"ಎಸ್ರು ನಾನು ಏಳಾಕಿಲ್ಲ, ಬುದ್ಧೀ. ನನ್ನೇ ಏನ್ ಬೇಕಾದ್ರೂ ಅನ್ನಿ."

ಆಗ ಕೈ ಮುರಿದವನ ಅಪ್ಪ ಎದ್ದು ಕಂಬದ ಕಡೆ ಬೆರಳು ತೋರಿಸಿದ. "ಆ ಕಾಲೇಜು ಉಡ್ಗಿ ಓಯ್ತಾಳೆ. ನಮ್ ಉಡ್ಗನೇ ಕಂಡವ್ನೆ. ಕೇಳಿ ಬೇಕಾದ್ರೆ."

ಪಡಸಾಲೆಯ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಮಾವನ ಕಣ್ಣೂ. "ಏನವ್ವ, ದಿಟ್ವಾ?" ಎಂದರು ಪಟೇಲರು.

ನನಗೆ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಅಪ್ಪ ಕಂಡ. ಕಟ್ಟಿಟ್ಟ ಪುಸ್ತಕ ಕಂಡಿತು. ಇದ್ದದ್ದನ್ನು ಹೇಳುವುದೋ, ಇಲ್ಲ ಎಂದು ಸುಮ್ಮನಾಗುವುದೋ, ಎರಡರಲ್ಲಿ ಒಂದು ಮಾಡಬಹುದಿತ್ತು. ನಾನು ಎರಡೂ ಮಾಡಲಿಲ್ಲ. ತಲೆ ತಗ್ಗಿಸಿ, ಹತ್ತಿರದವರಿಗಷ್ಟೇ ಕೇಳುವ ದನಿಯಲ್ಲಿ ಹೇಳಿದೆ: "ನಾನು ಕುಣಿಯಕ್ಕೆ ಹೋಗಿರ್ಲಿಲ್ಲ. ಅತ್ತೆ ಅಲ್ಲಿದ್ರು. ಕರ್ಕೊಂಡು ಬರೋಕೆ ಹೋಗಿದ್ದೆ."

ಹತ್ತಿರದವರಿಗಷ್ಟೇ ಹೇಳಿದ ಮಾತು ಒಂದು ನಿಮಿಷದಲ್ಲಿ ಪಡಸಾಲೆಯ ಆಚೆ ತುದಿ ಮುಟ್ಟಿತು.

ಅತ್ತೆ ನನ್ನ ಪಕ್ಕದಲ್ಲೇ ಇದ್ದಳು. ನಾನು ಅವಳ ಕಡೆ ನೋಡಲಿಲ್ಲ. ಅವಳ ಬಳೆ ಒಮ್ಮೆ ಕಂಬಕ್ಕೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಅವಳು ಕಂಬ ಬಿಟ್ಟು ಮುಂದೆ ಬಂದಳು.

"ಮಗೀನ ಯಾಕೆ ಕೇಳೀರಿ? ಅದು ಏಳಿದ್ದು ದಿಟ. ಓಯ್ತಿದ್ದೋಳು ನಾನು. ವಾರವಾರ್ಲೂ ಓಗಿವ್ನಿ."

ಪಟೇಲರು ಮಾವನ ಮುಖ ನೋಡಿದರು. ಮಾವ ನೆಲ ನೋಡಿದರು.

"ನಾಚ್ಕೆ ಆಗ್ನಿಲ್ವಾ ಚೆಲುವಮ್ಮ? ಗುಮಾಸ್ತರ ಎಂಡ್ತಿ ನೀನು."

"ಈ ಊರ್ಗೆ ಬಂದು ಅದ್ನೆಂಟು ವರ್ಸ ಆಯ್ತು, ಪಟೇಲ್ರೇ. ನಿಮ್ ಮನೆ ಮೂರು ಮಕ್ಕಳ ತೊಟ್ಲು ಶಾಸ್ತ್ರಕ್ಕೂ ಅಡ್ಗೆ ಮಾಡಿವ್ನಿ. ಆರತಿ ಎತ್ತಾಕೆ ಒಂದಪಾನಾದ್ರೂ ನನ್ನ ಕರ್ದಿದ್ರಾ? ಅಲ್ಲಿ ಕರುದ್ರು. ನಡೂಕೆ ನಿಲ್ಸ್‌ಕಂಡ್ರು. ಅದ್ಕೆ ಓದೆ."

ಗರ್ಭಗುಡಿಯ ಮುಂದೆ ಅರ್ಚಕರು ಗಂಟೆಯ ನಾಲಗೆ ಹಿಡಿದುಕೊಂಡು ನಿಂತಿದ್ದರು. ಆಗ ಮಾವ ಕುರ್ಚಿಯಿಂದ ಎದ್ದರು. ಏನೋ ಹೇಳುತ್ತಾರೆಂದು ಎಲ್ಲರೂ ಕಾದೆವು. ಅವರು ಅತ್ತೆಯ ಪಕ್ಕದಿಂದಲೇ ಹಾದು, ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿ, ಒಬ್ಬರೇ ಮನೆಗೆ ಹೋಗಿಬಿಟ್ಟರು. ಅತ್ತೆ ಪಡಸಾಲೆಯ ನಡುವೆ ಒಬ್ಬಳೇ ನಿಂತಿದ್ದಳು.

ಬುಧವಾರಗಳು ಅಲ್ಲಿಗೆ ನಿಂತವು. ಗಿರಣಿಯ ಯಜಮಾನ ಎರಡು ತಿಂಗಳಲ್ಲಿ ಜಾಗ ಬಿಡಿಸಿದ. ಮರಿಗೌಡರು ಗುಡಾಣ ಇಳಿಸಿ, ಎತ್ತಿನ ಗಾಡಿಯಲ್ಲಿ ಗೋಣಿ ಹಾಸಿ ಊರಿಗೆ ಒಯ್ದರು. ಅತ್ತೆಗೆ ಅದೇ ಮೊದಲಿನ ಬದುಕು: ಹಸು, ಹಾಲು, ಡೈರಿ. ಮಾವ ಮೂರು ತಿಂಗಳು ಅವಳ ಹತ್ತಿರ ಮಾತು ಬಿಟ್ಟಿದ್ದರು. ಬೇಕಾದದ್ದನ್ನು ನನ್ನ ಮೂಲಕ ಕೇಳುತ್ತಿದ್ದರು. "ನಿಮ್ಮತ್ತೇನ ಕೇಳು, ಬಿಸ್ನೀರು ಅದೆಯಾ ಅಂತ." ಅತ್ತೆ ಅಲ್ಲೇ ಮೂರಡಿ ದೂರದಲ್ಲಿರುತ್ತಿದ್ದಳು. ನಾನು ಕೇಳುತ್ತಿದ್ದೆ. ಅವಳು ನನಗೆ ಉತ್ತರ ಹೇಳುತ್ತಿದ್ದಳು. ನನ್ನ ಸುಳ್ಳಿನ ಬಗ್ಗೆ ಒಂದು ಮಾತು, ಒಂದು ನೋಟ, ಏನೂ ಇಲ್ಲ. ಅಪ್ಪನ ಕಿವಿಗೆ ನನ್ನ ಹೆಸರು ಬೀಳಲಿಲ್ಲ. ನಾನು ಬಿ.ಎ. ಮುಗಿಸಿದೆ, ಬಿ.ಇಡಿ. ಮಾಡಿದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ಶ್ರೀರಂಗಪಟ್ಟಣಕ್ಕೆ ಬಂದೆ. ಪ್ರತಿ ವರ್ಷ ಹಬ್ಬಕ್ಕೆ ಅತ್ತೆಗೆ ಸೀರೆ ಕೊಟ್ಟು ಕಾಲಿಗೆ ಬಿದ್ದು ಬಂದೆ. ಹೇಳಬೇಕಾದದ್ದನ್ನು ಮಾತ್ರ ಪ್ರತಿ ಸಲವೂ ವಾಪಸು ಹೊತ್ತು ತಂದೆ. ಸತ್ಯ ಹೇಳಿ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ದಿನಕ್ಕೊಂದು ಸುಭಾಷಿತ ಬರೆಯುವ ಕೆಲಸವೂ ನನ್ನದೇ ನೋಡಿ.

ತಾಲೀಮಿನ ಮಾರನೆಯ ದಿನ ಭಾನುವಾರ. ಮನೆಯಲ್ಲಿ ಕಾರಣ ಹೇಳದೆ ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಹತ್ತಿದೆ. ಅತ್ತೆ ಈಗಲೂ ಒಂದು ಹಸು ಕಟ್ಟಿದ್ದಾಳೆ. ಡೈರಿಯ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ನಾನು ಹೋದಾಗ ಹಿತ್ತಲಲ್ಲಿ ಅವರೇಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಒಂದು ಮೊರ ಮುಗಿಯುವಷ್ಟರಲ್ಲಿ ಹೇಳಿಬಿಟ್ಟೆ. ಇಷ್ಟು ವರ್ಷ ಮನಸ್ಸಿನಲ್ಲೇ ಎಷ್ಟೋ ಸಲ ಜೋಡಿಸಿಟ್ಟಿದ್ದ ಮಾತು. ಬಾಯಿಂದ ಬಂದಾಗ ಹಿಂದುಮುಂದಾಗಿ ಬಂತು.

ಅತ್ತೆ ಸುಲಿಯುವ ಕೈ ನಿಲ್ಲಿಸಲಿಲ್ಲ. "ಮರ್ತಿಲ್ಲ ಕನೆ" ಎಂದಳು. "ನೋವಾಯ್ತು. ಆ ರಾತ್ರಿ ನಿನ್ ತಟ್ಟೆಗೆ ಮುದ್ದೆ ಇಕ್ಕಾಕೆ ಕೈಯೇ ಬರ್ನಿಲ್ಲ. ಇಕ್ದೆ. ನೀನು ಓದೋ ಉಡ್ಗಿ, ಉಪಾಸ ಮಲಗಿಸಕ್ಕಾಯ್ತದಾ?"

ನನಗೆ ಅಳು ಬಂತು. ಅವಳು ಅಳಲು ಬಿಟ್ಟಳು. ಸುಮ್ಮನಿರು ಎನ್ನಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಸೆರಗಿನಲ್ಲಿ ಕೈಯೊರೆಸಿಕೊಂಡು ಹೇಳಿದಳು: "ನನ್ಗೆ ಏಳಿದ್ದಾಯ್ತು. ಓಗಿ ನಿಮ್ಮಾವನ್ಗೆ ಏಳು. ನಾನೇ ಅಲ್ಲಿಗೆ ಮೊದ್ಲು ಓದೆ, ನಾನೇ ನಿನ್ನ ಕೆಡಿಸ್ತಿದ್ದೆ ಅಂತ ಇವತ್ಗೂ ತಿಳ್ಕಂಡವ್ರೆ. ಜಗಳ ಬಂದಾಗೆಲ್ಲ ಅದ್ನೇ ಎತ್ತಾರೆ."

"ನೀವ್ಯಾಕೆ ಹೇಳ್ಲಿಲ್ಲ ಅತ್ತೆ, ಇಷ್ಟು ವರ್ಷ?"

"ಏಳೋ ಮಾತು ನಂದಲ್ವಲ್ಲ."

ಮಾವ ಬೀದಿಯ ಕಡೆ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಅವರಿಗೆ ಈಗ ಕಿವಿ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಕೂತು ಮೆಲ್ಲಗೆ ಶುರು ಮಾಡಿದೆ.

"ಆಂ?" ಎಂದರು ಮಾವ. "ಜೋರಾಗಿ ಏಳವ್ವ, ಕೇಳ್ಸಾಕಿಲ್ಲ."

ಎದುರು ಮನೆಯ ಹೆಂಗಸು ಹೂ ಕಟ್ಟುತ್ತಿದ್ದಳು. ಪಕ್ಕದ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ನಾನು ಎದ್ದು ನಿಂತು, ತರಗತಿಯ ಹಿಂದಿನ ಬೆಂಚಿಗೂ ಕೇಳುವ ನನ್ನ ಟೀಚರ ದನಿಯಲ್ಲಿ ಹೇಳಿದೆ: "ಮಾವ, ಆ ಕ್ಲಬ್ಬಿಗೆ ಮೊದ್ಲು ಹೋದವಳು ನಾನು. ಕದ್ದು ಹೋಗಿದ್ದೆ. ಅತ್ತೆ ನನ್ನ ಕರ್ಕೊಂಡು ಬರೋಕೆ ಬಂದಿದ್ರು. ಸಭೇಲಿ ನಾನು ಸುಳ್ಳು ಹೇಳ್ದೆ. ಅತ್ತೆ ಅದನ್ನ ತಮ್ಮ ಮೇಲೆ ಹಾಕ್ಕೊಂಡ್ರು."

ಹೂ ಕಟ್ಟುವ ಕೈ ನಿಂತಿತು. ಅಂಗಡಿಯ ಮುಂದಿನ ಮಾತು ನಿಂತಿತು. ಮಾವ ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ಅಂಗೈಯಗಲ ಮಾಡಿ ತೊಡೆಯ ಮೇಲಿಟ್ಟುಕೊಂಡರು.

"ಅಂಗಾದ್ರೆ," ಎಂದರು, "ಅವತ್ತು ಅಷ್ಟು ಜನದ್ ಮುಂದೆ ನಾನು ಅವಳನ್ನ ಬುಟ್ಟು ಎದ್ದು ಬಂದ್ಬುಟ್ನಲ್ಲ."

ಅವರು ಗೋಡೆ ಹಿಡಿದು ಎದ್ದರು. ತೋಳು ಹಿಡಿಯಲು ಹೋದೆ. ಬೇಡವೆಂದು ಕೈಯಲ್ಲೇ ಹೇಳಿದರು. ಒಂದೊಂದೇ ಹೆಜ್ಜೆಯಿಟ್ಟು ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿನ ಕಡೆ ಹೋದರು. "ಚೆಲುವೀ" ಎಂದು ಕರೆದದ್ದು ಕೇಳಿಸಿತು. ಅಷ್ಟು ವರ್ಷದಲ್ಲಿ ಅವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿರಲಿಲ್ಲ. ಅಲ್ಲಿ ಅವರೇನು ಮಾತಾಡಿಕೊಂಡರೋ ತಿಳಿಯಲು ನಾನು ಒಳಗೆ ಹೋಗಲಿಲ್ಲ. ಬೀದಿಯೆಲ್ಲ ನನ್ನನ್ನೇ ನೋಡುತ್ತಿತ್ತು. ನಾನು ತಲೆ ತಗ್ಗಿಸದೆ ಜಗಲಿಯ ಮೇಲೆ ಕೂತಿದ್ದೆ.